ಅಗಲ ಹಳಿಯಡಿ ಹೂತುಹೋದ ಮೀಟರ್ ಗೇಜ್

ಕೊಯಮತ್ತೂರಿಗೆ ಅಂಟಿಕೊಂಡಂತಿರುವ ಪೋದನೂರಿನಿಂದ ಪೊಳ್ಳಾಚಿಗೆ ಇವತ್ತೂ ರೈಲು ಓಡುತ್ತದೆ. ಅಲ್ಲಿಂದ ಮುಂದೆ ತಿರುಪ್ಪೂರು ಜಿಲ್ಲೆಯ ಉಡುಮಲಪೇಟೆ, ಮಡತ್ತುಕುಳಂ ದಾಟಿ, ಪಳನಿಯ ಮೇಲೆ ಹಾದು ದಿಂಡಿಗಲ್ ಸೇರುತ್ತದೆ. ಹೀಗಿರುವಾಗ ಈ ದಾರಿಯನ್ನು ಕಣ್ಮರೆಯಾದ ರೈಲುಮಾರ್ಗ ಅಂದರೆ ಯಾರಾದರೂ ಹುಬ್ಬೇರಿಸಿಯಾರು. ಆದರೆ ಇಲ್ಲಿ ಮೊದಲು ಓಡಿದ್ದು ಈಗಿನ ಗಾಡಿಯಲ್ಲ. 1915ರಲ್ಲಿ ಪೋದನೂರಿನಿಂದ ಪೊಳ್ಳಾಚಿಗೆ ಬಂದದ್ದು, 1928ರಲ್ಲಿ ಪೊಳ್ಳಾಚಿ–ದಿಂಡಿಗಲ್ ನಡುವೆ ಕೂಡಿಕೊಂಡದ್ದು, 1932ರಲ್ಲಿ ಪಾಲಕ್ಕಾಡಿಗೆ ಕವಲೊಡೆದದ್ದು ಎಲ್ಲವೂ ದಕ್ಷಿಣ ಭಾರತ ರೈಲ್ವೆ ಕಂಪನಿಯ ಮೀಟರ್ ಗೇಜ್. ಎರಡು ಕಂಬಿಗಳ ನಡುವೆ ಬರೀ ಒಂದು ಮೀಟರ್ ಅಂತರ. 2008–09ರ ಸುಮಾರಿಗೆ ಆ ಗಾಡಿಗಳು ನಿಂತವು. ಸುಮಾರು 225 ಕಿಲೋಮೀಟರ್ ಉದ್ದದ ಈ ಜಾಲವನ್ನು ತುಂಡುತುಂಡಾಗಿ ಬ್ರಾಡ್ ಗೇಜಿಗೆ ಬದಲಾಯಿಸಲಾಯಿತು. ಕೊನೆಯ ತುಂಡಾದ ಪೊಳ್ಳಾಚಿ–ಪೋದನೂರು ಮತ್ತೆ ತೆರೆದುಕೊಂಡಾಗ 2017 ಬಂದಿತ್ತು. ಪಾಳುಬಿದ್ದ ಮಾರ್ಗಕ್ಕಿಂತ ಹೀಗೆ ಬದಲಾದ ಮಾರ್ಗವೇ ಚರಿತ್ರೆಗೆ ಹೆಚ್ಚು ನಷ್ಟವಾದದ್ದು ಎಂಬುದು ನನ್ನ ವಾದ. ಆ ನಷ್ಟದ ಅಳತೆ ಸರಿಯಾಗಿ ಸಿಗುವುದು ಅದರ ಪುಟ್ಟ ಮಾದರಿ ಕಟ್ಟಲು ಹೊರಟವರಿಗೆ. ಅವರ ಹುಡುಕಾಟವನ್ನು ಹವ್ಯಾಸ ಎಂದು ಬದಿಗಿಡದೆ ಸ್ಥಳೀಯ ಚರಿತ್ರೆಯ ಒಂದು ಗಟ್ಟಿ ವಿಧಾನ ಎಂದೇ ಎಣಿಸಬೇಕು.

ಮಾರ್ಗ ಪಾಳುಬಿದ್ದರೆ ಅದರ ಮೈಕಟ್ಟು ಉಳಿಯುತ್ತದೆ. ಕಂಬಿ ಕಿತ್ತೊಯ್ದರೂ ಏರಿ ಇರುತ್ತದೆ, ಮೋರಿ ಇರುತ್ತದೆ, ಮುಳ್ಳುಕಂಟಿ ಬೆಳೆದ ಪ್ಲಾಟ್‌ಫಾರಂ ಇರುತ್ತದೆ. ಗೇಜ್ ಬದಲಾದ ಕಡೆ ಹಾಗಲ್ಲ. ಅದೇ ಏರಿಯನ್ನು ಅಗಲಿಸಿ ಎತ್ತರಿಸುತ್ತಾರೆ, ಸೇತುವೆಯ ಗರ್ಡರ್ ಬದಲಿಸುತ್ತಾರೆ, ತಿರುವುಗಳನ್ನು ಸಡಿಲಿಸುತ್ತಾರೆ, ನೆಲಮಟ್ಟಕ್ಕೆ ತುಸು ಮೇಲಿದ್ದ ಪ್ಲಾಟ್‌ಫಾರಮ್ಮನ್ನು ಆಳೆತ್ತರದ ಬೋಗಿಗೆ ಸರಿಹೊಂದುವಂತೆ ಏರಿಸುತ್ತಾರೆ. ಹಳೆಯದು ಹೊಸದರ ಹೊಟ್ಟೆಯೊಳಗೇ ಕರಗುತ್ತದೆ. 1992ರಲ್ಲಿ ದೇಶದ ಎಲ್ಲ ಹಳಿಗಳನ್ನೂ ಒಂದೇ ಅಳತೆಗೆ ತರುವ ಯೋಜನೆ ಶುರುವಾದ ಮೇಲೆ ಕರ್ನಾಟಕದಲ್ಲೂ ಇದೇ ನಡೆಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವನ್ನು ನಾವು ಇಂದಿಗೂ ಕಣ್ಣಮುಂದೆ ತಂದುಕೊಳ್ಳಬಲ್ಲೆವಾದರೆ ಅದಕ್ಕೆ ಕಾರಣ ಶಂಕರ್ ನಾಗ್ ಅಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ್ದು. ಆ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಯಲಹಂಕ–ಬಂಗಾರಪೇಟೆ ನ್ಯಾರೋ ಗೇಜಿನ ನಂದಿ ಹಾಲ್ಟ್‌ನಂಥ ಕಲ್ಲುಕಟ್ಟಡಗಳು ಉಳಿದದ್ದೂ ಆಸಕ್ತರು ಎಚ್ಚೆತ್ತದ್ದರಿಂದ. ಪೊಳ್ಳಾಚಿ ಮಾರ್ಗದ ಕಿಣತ್ತುಕಡವು, ಗೋಮಂಗಲಂ, ಮೈವಾಡಿ ರೋಡ್‌ನಂಥ ನಿಲ್ದಾಣಗಳಿಗೆ ಹಾಗೆ ಯಾವ ಕಾದಂಬರಿಯ ಹೆಸರೂ ಸಿಗಲಿಲ್ಲ.

ಇನ್ನು ಮಾದರಿಯ ವಿಷಯ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ 87ಕ್ಕೆ ಒಂದು: ನಿಜವಾದದ್ದರ 87 ಮೀಟರ್ ಮಾದರಿಯಲ್ಲಿ ಒಂದು ಮೀಟರ್. ಅದರಲ್ಲಿ ಮೀಟರ್ ಗೇಜ್ ಹನ್ನೊಂದೂವರೆ ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವ 12 ಮಿಲಿಮೀಟರ್ ಹಳಿ ಅದಕ್ಕೆ ಬಹಳ ಹತ್ತಿರ. ಭಾರತದ ಬ್ರಾಡ್ ಗೇಜಿನ 1,676 ಮಿಲಿಮೀಟರ್ ಮಾತ್ರ 19ಕ್ಕಿಂತ ಹೆಚ್ಚಾಗಿಬಿಡುತ್ತದೆ, ಅಂಗಡಿಯ ಹಳಿ ಹದಿನಾರೂವರೆಯದು. ಅಂದರೆ ನಮ್ಮ ಈಗಿನ ರೈಲಿಗಿಂತ ಹೋದ ರೈಲನ್ನೇ ನಿಖರವಾಗಿ ಕಟ್ಟುವುದು ಸುಲಭ. ಆದರೆ ಇಡೀ ಮಾರ್ಗವನ್ನು ಕಟ್ಟುವ ಮಾತೇ ಇಲ್ಲ. ಪೋದನೂರು–ಪೊಳ್ಳಾಚಿಯ ಸುಮಾರು 40 ಕಿಲೋಮೀಟರನ್ನು ಈ ಅಳತೆಗೆ ಇಳಿಸಿದರೂ 460 ಮೀಟರ್ ಜಾಗ ಬೇಕು. ಎದುರು ಗಾಡಿಗೆ ದಾರಿ ಬಿಡುವ 600 ಮೀಟರಿನ ಒಂದು ಲೂಪ್ ಲೈನೇ ಏಳು ಮೀಟರ್ ಆಗುತ್ತದೆ. ಯಾರ ಮನೆಯಲ್ಲೂ ಅಷ್ಟು ಉದ್ದದ ಕೋಣೆ ಇರುವುದು ಅಪರೂಪ. ಹಾಗಾಗಿ ಒಂದೇ ನಿಲ್ದಾಣ, ಒಂದೇ ವರ್ಷ ಎಂದು ಆರಿಸಿಕೊಳ್ಳಲೇಬೇಕು. ಆರಿಸಿದ ಕೂಡಲೇ ಯಾವ ಚರಿತ್ರೆಯ ಪುಸ್ತಕವೂ ಕೇಳದ ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಗೂಡ್ಸ್ ಶೆಡ್ ಹಳಿಯ ಯಾವ ಬದಿಗಿತ್ತು? ಎಂಜಿನ್ನಿಗೆ ನೀರು ಕುಡಿಸುವ ಕಂಬ ಪ್ಲಾಟ್‌ಫಾರಮ್ಮಿನ ಯಾವ ತುದಿಯಲ್ಲಿತ್ತು? ಕೈಮರ ಎಷ್ಟು ದೂರದಲ್ಲಿ, ಅದರ ತೋಳು ಕೆಳಕ್ಕೆ ಬೀಳುತ್ತಿತ್ತೋ ಮೇಲಕ್ಕೆ ಏಳುತ್ತಿತ್ತೋ? ಸ್ಟೇಷನ್ನಿನ ಬೆನ್ನ ಹಿಂದೆ ಏನಿತ್ತು? ಫೋಟೋ ಒಂದು ಮಗ್ಗುಲನ್ನಷ್ಟೇ ತೋರಿಸಿ ಪಾರಾಗುತ್ತದೆ, ಬರಹ ‘ಅಲ್ಲೊಂದು ನಿಲ್ದಾಣವಿತ್ತು’ ಎಂದು ಮುಂದೆ ಹೋಗುತ್ತದೆ. ಮಾದರಿಗೆ ಆ ಅನುಕೂಲವಿಲ್ಲ. ಗೊತ್ತಿಲ್ಲದ ಜಾಗದಲ್ಲೂ ಅದು ಏನನ್ನಾದರೂ ನಿಲ್ಲಿಸಲೇಬೇಕು, ಇಲ್ಲವೇ ಖಾಲಿ ಬಿಟ್ಟು ತನ್ನ ಅಜ್ಞಾನವನ್ನು ಎಲ್ಲರಿಗೂ ತೋರಿಸಬೇಕು.

ವರ್ಷದ ಆಯ್ಕೆಯಿಂದ ಏನೇನು ಬದಲಾಗುತ್ತದೆ ಎಂಬುದಕ್ಕೆ ತೆಂಗಿನ ಮರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇವತ್ತು ಪೊಳ್ಳಾಚಿ ಅಂದರೆ ಎಳನೀರು, ಕಣ್ಣು ಹಾಯುವವರೆಗೆ ತೆಂಗಿನ ತೋಟ, ಹಿಂದೆ ನೀಲಿಯಾಗಿ ನಿಂತ ಆನೆಮಲೆ. ಮಾದರಿ ಮಾಡುವವರ ಕೈ ಮೊದಲು ಹೋಗುವುದೂ ತೆಂಗಿನ ಮರಕ್ಕೇ. ಆದರೆ 1935ರ ಪೊಳ್ಳಾಚಿ ಮಾರ್ಗದ ಎರಡೂ ಬದಿಗೆ ತೋಪು ನೆಟ್ಟರೆ ಅದು ತಪ್ಪು ಚಿತ್ರ. ಪರಂಬಿಕುಳಂ–ಆಳಿಯಾರ್ ನೀರಾವರಿ ಯೋಜನೆಯ ನೀರು ಈ ಸೀಮೆಗೆ ಹರಿದದ್ದು 1960ರ ದಶಕದಿಂದೀಚೆಗೆ. ಅದಕ್ಕೆ ಮೊದಲು ಇದು ಬಹುಮಟ್ಟಿಗೆ ಒಣಬೇಸಾಯದ ನೆಲ. ಜೋಳ, ಕಡಲೆಕಾಯಿ, ಹತ್ತಿ, ಬಾವಿ ಇದ್ದಲ್ಲಿ ಮಾತ್ರ ಹಸಿರು. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಗೆ ಸಾಲಾಗಿ ತಿರುಗುವ ಗಾಳಿಯಂತ್ರಗಳು ಬಂದದ್ದು ಅದಕ್ಕೂ ತೀರ ಈಚೆಗೆ. ಎಂಜಿನ್ನಿಗೂ ಇದೇ ಮಾತು. ದಕ್ಷಿಣದ ಮೀಟರ್ ಗೇಜಿನ ಗುರುತೇ ಆಗಿಹೋದ ವೈಪಿ ಉಗಿ ಎಂಜಿನ್ ಸ್ವಾತಂತ್ರ್ಯದ ನಂತರದ ವಿನ್ಯಾಸ. ಅದು 1935ರ ಮಾದರಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ. ವೈಡಿಎಂ-4 ಡೀಸೆಲ್ ಎಂಜಿನ್ ದೇಶಕ್ಕೆ ಬಂದದ್ದೇ 1960ರ ದಶಕದಲ್ಲಿ. ನೀರಾವರಿ, ಬೆಳೆ, ವ್ಯಾಗನ್ನಿನಲ್ಲಿ ಹೋಗುವ ಸರಕು, ಎಂಜಿನ್ನಿನ ಹೊಗೆಕೊಳವೆ, ಇವುಗಳನ್ನು ವಿಶ್ವವಿದ್ಯಾಲಯಗಳಲ್ಲಿ ಬೇರೆಬೇರೆ ವಿಭಾಗಗಳು ಓದುತ್ತವೆ. ನಾಲ್ಕಡಿ ಹಲಗೆಯ ಮೇಲೆ ಅವೆಲ್ಲ ಒಂದೇ ದಿನಾಂಕಕ್ಕೆ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಎಲ್ಲೋ ಒಂದು ಮಾಹಿತಿ ಸುಳ್ಳು ಎಂದೇ ಅರ್ಥ.

ಈ ಮಾಹಿತಿ ಎಲ್ಲಿಂದ ಬರಬೇಕು? ಕಾಗದಪತ್ರ ಇಲ್ಲವೆಂದಲ್ಲ, ಚೆದುರಿಹೋಗಿದೆ. ಮಾರ್ಗ ಹಾಕಿದ್ದು ತಿರುಚ್ಚಿಯಲ್ಲಿ ಬೇರೂರಿದ್ದ ದಕ್ಷಿಣ ಭಾರತ ರೈಲ್ವೆ. 1951ರ ಏಪ್ರಿಲಿನಲ್ಲಿ ಅದೂ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯೂ ನಮ್ಮ ಮೈಸೂರು ರಾಜ್ಯದ ರೈಲ್ವೆಯೂ ಸೇರಿ ದಕ್ಷಿಣ ರೈಲ್ವೆ ಆಯಿತು. ಆಮೇಲೆ ವಿಭಾಗಗಳ ಗೆರೆಗಳು ಬದಲಾದವು. ಸೇಲಂ ವಿಭಾಗ ಹುಟ್ಟಿದ್ದು 2007ರಲ್ಲಿ. ಕಂದಾಯದ ಕಡೆಯೂ ಇದೇ ಕತೆ. ತಿರುಪ್ಪೂರು ಜಿಲ್ಲೆ ಕಾರ್ಯಾರಂಭ ಮಾಡಿದ್ದು 2009ರಲ್ಲಿ, ಅಂದರೆ ಮೀಟರ್ ಗೇಜ್ ನಿಂತ ಹೊತ್ತಿನಲ್ಲೇ. ಉಡುಮಲಪೇಟೆಯಲ್ಲಿ ರೈಲ್ವೆಗೆ ಜಮೀನು ಬಿಟ್ಟುಕೊಟ್ಟ ಹಳೆಯ ಕಡತವನ್ನು ತಿರುಪ್ಪೂರಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೊಯಮತ್ತೂರು ಎಂದು ಹುಡುಕಬೇಕು. ಯಾವ ಮಾರ್ಗ ಯಾವಾಗ ತೆರೆಯಿತು ಎಂಬ ಪಟ್ಟಿಯನ್ನು ರೈಲ್ವೆ ಮಂಡಳಿಯೇ ಆಗಾಗ ಅಚ್ಚು ಹಾಕುತ್ತಿತ್ತು. ಮದ್ರಾಸ್ ಸರ್ಕಾರದ ಆದೇಶಗಳು ಚೆನ್ನೈನ ಎಗ್ಮೋರಿನ ದಾಖಲೆ ಭಂಡಾರದಲ್ಲಿವೆ, ಕಂಪನಿ ಕಾಲದ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇವುಗಳಿಂದ ತಿಳಿಯುವುದು ವರ್ಷ, ಖರ್ಚು, ಆದಾಯ. ಮಾದರಿಗೆ ಬೇಕಾದ ಅಡಿ ಅಂಗುಲ ಬೇರೆ ಕಡೆ ಇರುತ್ತದೆ. ನಮ್ಮಲ್ಲಿ ಸರ್ವೆ ಟಿಪ್ಪಣಿ ಇರುವಂತೆ ತಮಿಳುನಾಡಿನಲ್ಲಿ ಎಫ್‌ಎಂಬಿ ಎಂಬ ಹೊಲದ ಅಳತೆಯ ಪುಸ್ತಕವಿದೆ. ರೈಲ್ವೆ ಜಮೀನಿಗೂ ಅದರಲ್ಲಿ ಸರ್ವೆ ನಂಬರ್ ಉಂಟು. ಹದಿನಾರು ಇಂಚಿಗೆ ಒಂದು ಮೈಲಿಯ ಗ್ರಾಮನಕ್ಷೆಯ ಜೊತೆ ಅದನ್ನು ಇಟ್ಟು ನೋಡಿದರೆ ರೈಲ್ವೆ ಗಡಿ ಎಲ್ಲಿ ಹೊಟ್ಟೆ ಉಬ್ಬಿಸಿಕೊಂಡಿದೆಯೋ ಅಲ್ಲಿ ಯಾರ್ಡ್ ಇದ್ದಿರಬಹುದು, ಅಲ್ಲೊಂದು ಕಿವಿ ಹೊರಚಾಚಿದ್ದರೆ ಸೈಡಿಂಗ್ ಇದ್ದಿರಬಹುದು ಎಂಬ ಸುಳಿವು ಸಿಗುತ್ತದೆ. ಅದನ್ನು ಪರೀಕ್ಷಿಸಲು ಆಕಾಶದಿಂದ ತೆಗೆದ ಚಿತ್ರಗಳೂ ಇವೆ. 1960ರಿಂದ 1972ರವರೆಗೆ ಅಮೆರಿಕದ ಕೊರೋನಾ ಬೇಹು ಉಪಗ್ರಹಗಳು ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗಗೊಳಿಸಲಾಯಿತು. ಕೊನೆಯ ವರ್ಷಗಳ ಚಿತ್ರಗಳಲ್ಲಿ ಎರಡು ಮೀಟರಿನಷ್ಟು ಚಿಕ್ಕದೂ ಕಾಣುತ್ತದೆ. ಮೋಡವಿಲ್ಲದ ದಿನದ ಹಾಳೆ ಸಿಕ್ಕರೆ ಯಾರ್ಡಿನ ಆಕಾರ ಕೈಗೆ ಬಂದಂತೆ. ಯುದ್ಧಕ್ಕೆಂದು ಸಂಗ್ರಹಿಸಿದ್ದು ಒಂದು ಗೂಡ್ಸ್ ಶೆಡ್ಡಿನ ಜಾಗ ಹೇಳಲು ಒದಗಿ ಬರುವುದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ.

ನೆಲದ ಮೇಲಿನ ಸಾಕ್ಷಿಗಳಲ್ಲಿ ಅತ್ಯಂತ ಮಾತುಗಾರ ವಸ್ತು ಹಳೆಯ ಕಂಬಿಯ ತುಂಡು. ರೈಲ್ವೆಯವರು ಕಿತ್ತ ಕಂಬಿಯನ್ನು ಸುಮ್ಮನೆ ಎಸೆಯುವವರಲ್ಲ; ಬೇಲಿಯ ಕಂಬವಾಗಿ, ಗೇಟಿನ ಬಳಿಯ ಗೂಟವಾಗಿ, ಕ್ವಾರ್ಟರ್ಸಿನ ಸೂರಿನ ತೊಲೆಯಾಗಿ ಮತ್ತೆ ನಿಲ್ಲಿಸುತ್ತಾರೆ. ಕಂಬಿಯ ತಲೆಗೂ ಬುಡಕ್ಕೂ ನಡುವಿನ ತೆಳ್ಳಗಿನ ಭಾಗವನ್ನು ತುಕ್ಕು ಉಜ್ಜಿ ನೋಡಿದರೆ ಉಬ್ಬಿದ ಅಕ್ಷರಗಳು ಕೈಗೆ ತಾಗುತ್ತವೆ. ಉಕ್ಕು ಕೆಂಪಗೆ ಕಾದಿರುವಾಗಲೇ ಉರುಳೆಯಲ್ಲಿ ಮೂಡಿಸಿದ ಅಕ್ಷರಗಳವು: ಯಾವ ಕಾರ್ಖಾನೆ, ಯಾವ ವರ್ಷ, ಗಜಕ್ಕೆ ಎಷ್ಟು ಪೌಂಡ್ ತೂಕ, ಕೆಲವೊಮ್ಮೆ ಯಾವ ರೈಲ್ವೆಗೆ ಎಂಬುದೂ. ಆ ತೂಕವೇ ಎಷ್ಟೋ ಹೇಳುತ್ತದೆ. ಹಗುರ ಕಂಬಿ ಇದ್ದ ಕಡೆ ಭಾರಿ ಎಂಜಿನ್ ಓಡುವಂತಿರಲಿಲ್ಲ. 60 ಪೌಂಡಿನ ಕಂಬಿಯ ಎತ್ತರ 114 ಮಿಲಿಮೀಟರ್. ಮಾದರಿಯಲ್ಲಿ ಅದು ಒಂದೂಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಆಟಿಕೆ ರೈಲಿನ ದಪ್ಪ ಕಂಬಿಯನ್ನೇ ಬಳಸಿದರೆ ಉಳಿದುದೆಲ್ಲ ಸರಿಯಿದ್ದರೂ ಈ ಮಾರ್ಗದ ಸಡಿಲತೆ, ಅದರ ಬಡತನ, ನಿಧಾನ ಮಾತ್ರ ಬರುವುದಿಲ್ಲ. ಹಾಗೆಂದು ಬೇಲಿಗೆ ನೆಟ್ಟ ಕಂಬಿಯಿಂದ ಆತುರದ ತೀರ್ಮಾನವೂ ಸಲ್ಲದು. ಕಂಬಿಗಳು ಒಂದು ಮಾರ್ಗದಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಮುಖ್ಯ ಮಾರ್ಗದಲ್ಲಿ ಸವೆದದ್ದು ಶಾಖೆಯಲ್ಲಿ ಎರಡನೆಯ ಬದುಕು ನಡೆಸುತ್ತದೆ. ಅದರ ಮೇಲಿನ ವರ್ಷ ಮಾರ್ಗದ ಹುಟ್ಟುವರ್ಷವೇ ಆಗಬೇಕೆಂದಿಲ್ಲ.

ಬಾಯಿಮಾತಿನ ಬಗ್ಗೆ ಚರಿತ್ರೆಕಾರರ ಆಕ್ಷೇಪ ಹಳೆಯದು: ನೆನಪು ನಂಬಲರ್ಹವಲ್ಲ. ಅರ್ಧ ನಿಜ. ಇಂಥ ವರ್ಷ ಇಂಥ ಎಂಜಿನ್ ಬಂತು ಎಂದು ನಿವೃತ್ತ ನೌಕರರೊಬ್ಬರು ಹೇಳಿದರೆ ಅದನ್ನು ವೇಳಾಪಟ್ಟಿಯ ಜೊತೆ ತಾಳೆ ನೋಡದೆ ಬರೆದುಕೊಳ್ಳಬಾರದು. ಆದರೆ ಮಾದರಿಗೆ ಹೆಚ್ಚು ಬೇಕಾದದ್ದು ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು, ಕೈಗಳ ನೆನಪು ಅಲ್ಲಿ ತೀರ ಗಟ್ಟಿ. ಇಂಥ ಏಕಮಾರ್ಗದಲ್ಲಿ ಮುಂದಿನ ಸ್ಟೇಷನ್ನಿನ ತನಕ ದಾರಿ ನಿನ್ನದು ಎನ್ನುವುದಕ್ಕೆ ಡ್ರೈವರನ ಕೈಗೆ ಒಂದು ಟೋಕನ್ ಕೊಡುತ್ತಿದ್ದರು. ಸ್ಟೇಷನ್ ಮಾಸ್ತರರ ಕೋಣೆಯ ಯಂತ್ರದಿಂದ ಹೊರಬರುವ ಉಕ್ಕಿನ ಗುಂಡು ಅದು. ಆಚೆ ಸ್ಟೇಷನ್ನಿನವರು ಒಪ್ಪದೆ ಯಂತ್ರ ಗುಂಡನ್ನು ಬಿಡುತ್ತಿರಲಿಲ್ಲ. ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಕಟ್ಟಿ, ಗಾಡಿ ನಿಲ್ಲದೆ ಹೋಗುವುದಾದರೆ ಪಾಯಿಂಟ್ಸ್‌ಮನ್ ಕೈಯೆತ್ತಿ ಹಿಡಿದು ನಿಲ್ಲುತ್ತಿದ್ದ, ಎಂಜಿನ್ ಮೇಲಿನವರು ತೋಳು ತೂರಿಸಿ ಎತ್ತಿಕೊಳ್ಳುತ್ತಿದ್ದರು. ಆತ ನಿಲ್ಲುತ್ತಿದ್ದ ಜಾಗ ಎಲ್ಲಿ, ರಾತ್ರಿ ದೀಪ ಎಲ್ಲಿಡುತ್ತಿದ್ದರು, ಸಿಗ್ನಲ್ ತಂತಿ ಪ್ಲಾಟ್‌ಫಾರಮ್ಮಿನ ಕೆಳಗೆ ಹಾಯುತ್ತಿತ್ತೋ ಪಕ್ಕದಲ್ಲೋ ಎಂದು ಕೇಳಿದರೆ ಮೂವರು ಪರಸ್ಪರ ಕಾಣದವರೂ ಒಂದೇ ಉತ್ತರ ಕೊಡುವ ಸಂಭವ ಹೆಚ್ಚು. ಕೊಂಗುನಾಡಿನಲ್ಲಿ ಕನ್ನಡವೇ ಮನೆಮಾತಾಗಿರುವ ದೇವಾಂಗ ನೇಕಾರರ ಕುಟುಂಬಗಳು ಬೇಕಾದಷ್ಟಿವೆ. ಆ ಕುಟುಂಬಗಳ ಹಿರಿಯರು ಗಾಡಿ ಹತ್ತಿ ಇಳಿದ ನೆನಪನ್ನು ಕನ್ನಡದಲ್ಲೇ ಕೇಳಿ ಬರೆದುಕೊಳ್ಳಬಹುದಾದ ಕೆಲಸ ಹಾಗೇ ಉಳಿದಿದೆ. ಇದು ವಿದ್ವಾಂಸರಿಗಿಂತ ಮೊಮ್ಮಕ್ಕಳಿಗೆ ಹೆಚ್ಚು ಸುಲಭ.

ಇದೆಲ್ಲ ಹಳೆಯದರ ಹಂಬಲ, ಸುಂದರವಾದದ್ದನ್ನು ಮಾತ್ರ ಉಳಿಸಿಕೊಳ್ಳುವ ಚಪಲ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಹೊಳೆಯುವ ಎಂಜಿನ್, ಹೂವಿನ ಗಿಡದ ಪ್ಲಾಟ್‌ಫಾರಂ, ಕೈಬೀಸುವ ಮಕ್ಕಳು, ಇಷ್ಟೇ ಆದರೆ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಅದಕ್ಕೆ ಮದ್ದು ಸಂಶೋಧನೆ ಬಿಡುವುದಲ್ಲ, ಹೆಚ್ಚಿಸುವುದು. 1935ರ ಯಾವುದೇ ದೊಡ್ಡ ನಿಲ್ದಾಣವನ್ನು ಪ್ರಾಮಾಣಿಕವಾಗಿ ಕಟ್ಟುವವರು ಊಟದ ಕೋಣೆಯ ಮುಂದೆ ಬಂದು ನಿಲ್ಲಲೇಬೇಕು. ಆ ಕಾಲದಲ್ಲಿ ದಕ್ಷಿಣದ ರೈಲ್ವೆ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಜಾಗ ಇತ್ತು. ಪೆರಿಯಾರ್ ಮತ್ತು ಜಸ್ಟಿಸ್ ಪಕ್ಷದವರ ಹೋರಾಟದ ಬಳಿಕ 1940ರ ದಶಕದ ಆರಂಭದಲ್ಲಿ ಅದು ಹೋಯಿತು. ಆ ಬೋರ್ಡನ್ನು ಬರೆಯಬೇಕೋ ಬೇಡವೋ ಎಂಬುದು ಬಣ್ಣದ ಕುಂಚ ಹಿಡಿದವರ ಮುಂದಿರುವ ನೈತಿಕ ಪ್ರಶ್ನೆ. ಬಿಟ್ಟರೆ ಮಾದರಿ ಸುಳ್ಳು ಹೇಳುತ್ತದೆ. ಮೂರನೆಯ ದರ್ಜೆ ರದ್ದಾದದ್ದು 1974ರಲ್ಲಿ. ಅದಕ್ಕೆ ಹಿಂದಿನ ಗಾಡಿ ಕಟ್ಟಿದರೆ ಅದರ ಬಹುಪಾಲು ಬೋಗಿಗಳು ಮರದ ಬೆಂಚಿನ ಮೂರನೆಯ ದರ್ಜೆಯವೇ ಆಗಬೇಕು. ಗ್ಯಾಂಗ್‌ಮನ್ ಗುಡಿಸಲು, ಬಿಸಿಲಿನಲ್ಲಿ ಜಲ್ಲಿ ಹೊಡೆಯುವವರು, ತೈಪೂಸದ ಹೊತ್ತಿಗೆ ಪಳನಿಗೆ ಉಕ್ಕಿ ಹರಿಯುವ ಜನ, ಪೊಳ್ಳಾಚಿ ಸಂತೆಯ ಬೆಲ್ಲ ಮತ್ತು ದನ, ವಾಲ್ಪಾರೆಯ ತೋಟಗಳಿಂದ ಇಳಿದುಬರುವ ಚಹಾ, ಆ ತೋಟಗಳಿಗೆ ಹತ್ತಿಹೋದ ಕೂಲಿಗಳು, ಇವರೆಲ್ಲ ಇಲ್ಲದೆ ಈ ಮಾರ್ಗಕ್ಕೆ ಕಾರಣವೇ ಇಲ್ಲ.

ಇದು ಪಾಶ್ಚಾತ್ಯ ಶ್ರೀಮಂತರ ಆಟ, ನಮ್ಮದಲ್ಲ ಎನ್ನುವವರೂ ಇದ್ದಾರೆ. ತಯಾರಾದ ಎಂಜಿನ್ ವಿದೇಶದಿಂದ ತರಿಸಿದರೆ ದುಬಾರಿ ಎಂಬುದು ಸರಿ. ಆದರೆ ನವರಾತ್ರಿಯಲ್ಲಿ ಮೈಸೂರಿನ ಮನೆಗಳಲ್ಲೂ ಕೊಯಮತ್ತೂರಿನ ಮನೆಗಳಲ್ಲೂ ಗೊಂಬೆ ಕೂರಿಸಿ, ಪಕ್ಕದಲ್ಲಿ ರಾಗಿ ಪೈರು ಮೊಳೆಯಿಸಿ, ಬೆಟ್ಟ, ಕೆರೆ, ಊರು, ಉದ್ಯಾನ ಕಟ್ಟುವವರಿಗೆ ಪುಟ್ಟ ಲೋಕ ನಿರ್ಮಿಸುವುದನ್ನು ಯಾರೂ ಕಲಿಸಬೇಕಿಲ್ಲ. ಹಲಗೆ, ರಟ್ಟು, ಅಂಟು, ಅಳತೆಪಟ್ಟಿಯಿಂದ ಒಂದು ಸ್ಟೇಷನ್ ಕಟ್ಟಡ ಎದ್ದು ನಿಲ್ಲುತ್ತದೆ, ಎಂಜಿನ್ ಓಡಲೇಬೇಕೆಂದಿಲ್ಲ. ಇಂಥ ಮಾದರಿಯನ್ನು ಊರಿನ ಶಾಲೆಯಲ್ಲಿಟ್ಟರೆ ಅದು ತಿದ್ದುವಿಕೆಯನ್ನು ತಾನೇ ಕರೆಯುತ್ತದೆ. ‘ಬಾವಿ ಇಲ್ಲಿರಲಿಲ್ಲ, ಆಚೆ ಇತ್ತು’ ಎಂದು ಹಿರಿಯರೊಬ್ಬರು ಬೆರಳು ತೋರಿಸಬಲ್ಲರು. ಮುದ್ರಿತ ಪ್ರಬಂಧವೊಂದರ ತಪ್ಪನ್ನು ಅವರು ಹಾಗೆ ತೋರಿಸಲಾರರು.

ಕೊನೆಗೆ ಉಳಿಯುವುದು ಪ್ರಯಾಣಿಕರ ಮಾತು. ಹೊಸ ಹಳಿ ಬಂದ ಮೇಲೆ ಗಾಡಿ ವೇಗವಾಗಿದೆ, ಗೇಜ್ ಬದಲಾಗುವ ಜಂಕ್ಷನ್ನಿನಲ್ಲಿ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರುವ ಕಷ್ಟ ತಪ್ಪಿದೆ; ಅಳುವುದೇಕೆ? ಅಳಬೇಕಿಲ್ಲ, ಬದಲಾವಣೆ ಆಗಬೇಕಾದದ್ದೇ. ಆದರೂ ಕೊಯಮತ್ತೂರು–ರಾಮೇಶ್ವರಂ ಮೀಟರ್ ಗೇಜ್ ಗಾಡಿಗೆ ಒಗ್ಗಿಹೋಗಿದ್ದ ಊರುಗಳು ವರ್ಷಗಟ್ಟಲೆ ರೈಲಿಲ್ಲದೆ ಕಾದವು, ಹಳೆಯ ಚಿಕ್ಕ ನಿಲುಗಡೆಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ. ಏನು ಸಿಕ್ಕಿತು, ಏನು ಹೋಯಿತು ಎಂದು ತೂಗಿ ನೋಡಲು ಮೊದಲು ಹೋದದ್ದರ ಲೆಕ್ಕ ಇರಬೇಕು. ಆ ಲೆಕ್ಕಕ್ಕೆ ಈಗ ತುರ್ತಾಗಿ ಬೇಕಾದದ್ದು ಹಳೆಯ ಯಾರ್ಡ್ ನಕ್ಷೆಗಳು ಮತ್ತು ನೌಕರರಿಗಾಗಿ ಅಚ್ಚಾಗುತ್ತಿದ್ದ ಕಾರ್ಯ ವೇಳಾಪಟ್ಟಿಗಳು. ಸಾರ್ವಜನಿಕ ವೇಳಾಪಟ್ಟಿಯಲ್ಲಿಲ್ಲದ ಗೂಡ್ಸ್ ಗಾಡಿ, ಕ್ರಾಸಿಂಗ್, ವೇಗದ ಮಿತಿ ಎಲ್ಲವೂ ಅದರಲ್ಲಿರುತ್ತವೆ. ಗೇಜ್ ಬದಲಾದ ಮೇಲೆ ಇವು ಆಡಳಿತಕ್ಕೆ ಕೆಲಸಕ್ಕೆ ಬಾರದ ಕಾಗದ, ಹಾಗಾಗಿ ರದ್ದಿಗೆ ಹೋಗುವ ಸರದಿಯಲ್ಲಿ ಮೊದಲು ನಿಲ್ಲುವುದೂ ಅವೇ. ಮಾಹಿತಿ ಹಕ್ಕಿನಡಿ ಪ್ರತಿ ಕೇಳಬಹುದು. ತಿರುಚ್ಚಿಯ ರೈಲ್ವೆ ಪರಂಪರಾ ಕೇಂದ್ರ, 1979ರಿಂದ ಇರುವ ಮೈಸೂರಿನ ರೈಲ್ವೆ ಮ್ಯೂಸಿಯಂ ಇಂಥವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬಹುದು. ಮೈಸೂರಿನಿಂದ 1891ರಲ್ಲಿ ನಂಜನಗೂಡಿಗೆ, 1926ರಲ್ಲಿ ಚಾಮರಾಜನಗರಕ್ಕೆ ಬಂದ ಮೀಟರ್ ಗೇಜ್ ಕೂಡ ಹೋಗಿದೆ. ಆ ಮಾರ್ಗ ಇಂದಿಗೂ ಚಾಮರಾಜನಗರದಲ್ಲೇ ಕೊನೆಯಾಗುತ್ತದೆ. ಘಟ್ಟ ಇಳಿದು ಕೊಯಮತ್ತೂರಿನ ಸೀಮೆಗೆ ಕೂಡಿಸುವ ಪ್ರಸ್ತಾಪ ಎಷ್ಟೋ ಸಲ ಎದ್ದು ಕಾಡಿನ ಅಂಚಿನಲ್ಲೇ ನಿಂತಿದೆ. ಪೊಳ್ಳಾಚಿಯ ನಿಲ್ದಾಣಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಂಜನಗೂಡು, ಚಾಮರಾಜನಗರಗಳ ನಡುವಿನ ನಿಲ್ದಾಣಗಳಿಗೂ ಈಗಲೇ ಕೇಳಬಹುದು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇನ್ನೂ ನಮ್ಮ ನಡುವೆ ಇದ್ದಾರೆ.